ಪ್ಯಾಡ್ ದಪ್ಪ, ದೀಪ ಮಾತ್ರ ಕೆಂಪು

ಮೂಡಿಗೆರೆ ಕಡೆ ತೋಟದ ದಾರಿಯಲ್ಲಿ ಓಡುವ ನನ್ನ ಹಳೇ ಫೋರ್ ವೀಲ್ ಡ್ರೈವ್‌ಗೆ ಮಳೆಗಾಲದಲ್ಲಿ ಬ್ರೇಕ್ ಪ್ಯಾಡ್ ಸವೆದಿದೆ ಅನ್ನುವ ದೀಪ ಹತ್ತಿಕೊಂಡಿತು. ದೊಡ್ಡ ಸರ್ವಿಸ್ ಸೆಂಟರ್‌ನವರು ಚಕ್ರ ಬಿಚ್ಚದೆ, 'ನಾಲ್ಕೂ ಕಡೆ ಪ್ಯಾಡ್ ಬದಲಾಯಿಸಿ' ಅಂದರು. ಸುಮ್ನೆ ದುಡ್ಡು ಕೊಡೋಕೆ ನಮ್ಮ ಕಾಫಿಯೇನು ಚಿನ್ನವಾ?

ಊರಿನ ಸಣ್ಣ ಗ್ಯಾರೇಜಿಗೆ ಹೋದೆ. ಹುಡುಗ ಮೊದಲು ಅಳತೆ ತೆಗೆದ. ಅತಿ ತೆಳು ಪ್ಯಾಡೇ 8 ಮಿ.ಮೀ. ಇತ್ತು. ಸಾಮಾನ್ಯವಾಗಿ 3 ಮಿ.ಮೀ.ಗೆ ಬಂದಾಗ ಬದಲಾಯಿಸಿದರೆ ಸಾಕು. ಈ ದೀಪ ಹತ್ತಿಸುವ ಸೆನ್ಸರ್ ಅಂದರೆ ಪ್ಯಾಡಿನೊಳಗೆ ಕೂರಿಸಿದ ಒಂದು ತಂತಿ, ಅಷ್ಟೇ. ಪ್ಯಾಡ್ ಸವೆದಾಗ, ಚಕ್ರದ ಜೊತೆ ತಿರುಗುವ ಡಿಸ್ಕ್ ಅದನ್ನು ಉಜ್ಜಿ ಕತ್ತರಿಸುತ್ತದೆ, ದೀಪ ಹತ್ತುತ್ತದೆ. ತಂತಿ ಬೇರೆಲ್ಲಿ ತುಂಡಾದರೂ ಅದೇ ದೀಪ! ನನ್ನದು ಹಿಂದಿನ ಚಕ್ರದ ಹತ್ತಿರ, ಕ್ಲಿಪ್ ಬಿಚ್ಚಿಕೊಂಡು ಟೈರಿಗೆ ಉಜ್ಜಿ ಹರಿದಿತ್ತು. ಕನೆಕ್ಟರ್ ತುಂಬಾ ಕೆಸರು ಬೇರೆ.

ಹೊಸ ಸೆನ್ಸರ್ ಹಾಕಿ, ಕನೆಕ್ಟರ್ ತೊಳೆದು, ತಂತಿಯನ್ನು ಟೈರಿನಿಂದ ದೂರ ಕಟ್ಟಿಕೊಟ್ಟ. ಬಿಡಿಭಾಗ ಬರಲು ನಾಲ್ಕು ದಿನ ಕಾದೆ, ಅದೊಂದು ಬೇಜಾರು. ಕೂರಲು ಕುರ್ಚಿಯೂ ಇಲ್ಲ. ಆದರೂ ಹಳೇ ತಂತಿಯನ್ನು ಕೈಗಿಟ್ಟು ತೋರಿಸಿದನಲ್ಲ, ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.