ಸೂಜಿ ಚುಚ್ಚಿದರೆ 'ಏನೂ ಆಗಲ್ಲ' ಅನ್ನುವವರ ಮಾತು ನಂಬಿ ಕೂರಬೇಡಿ

ಸಣ್ಣ ಕ್ಲಿನಿಕ್, ನರ್ಸಿಂಗ್ ಹೋಮ್‌ಗಳಲ್ಲಿ ಅಸಿಸ್ಟೆಂಟ್ ಕೆಲಸಕ್ಕೆ ಸೇರುವವರು ಇದನ್ನು ಓದಿ. ಜಾಗದ ಹೆಸರು ಬೇಡ. ಇಂಥವು ಎಲ್ಲ ಊರಲ್ಲೂ ಇವೆ.

ಡ್ರೆಸಿಂಗ್ ಆದ ಮೇಲೆ ಕಿಡ್ನಿ ಟ್ರೇ ತೊಳೆಯುವುದು ನನ್ನ ಪಾಲಿನ ಕೆಲಸ. ಅವತ್ತು ರಕ್ತ ಮೆತ್ತಿದ ಹತ್ತಿ ಎತ್ತಿದೆ. ಅದರಡಿ ಯಾರೋ ಬಿಟ್ಟಿದ್ದ ಸೂಜಿ ಗ್ಲೌಸ್ ತೂರಿ ತೋರುಬೆರಳಿಗೆ ಇಳಿಯಿತು. ಯಾವ ರೋಗಿಗೆ ಬಳಸಿದ್ದೋ ಯಾರಿಗೂ ಗೊತ್ತಿಲ್ಲ. ಬಳಸಿದ ಸೂಜಿ ಹಾಕಲು ತೂತು ಬೀಳದ ಬಿಳಿ ಡಬ್ಬಿ ಇರಬೇಕು. ಅಲ್ಲಿ ಇದ್ದದ್ದು ಕತ್ತು ಕತ್ತರಿಸಿದ ಸಲೈನ್ ಬಾಟಲಿ. ಅದೂ ತುಂಬಿ, ಸೂಜಿಗಳು ಮುಳ್ಳುಹಂದಿಯ ಹಾಗೆ ಹೊರಗೆ ಚಾಚಿದ್ದವು.

ಸೀನಿಯರ್ ಸಿಸ್ಟರ್ ಓಡಿ ಬಂದು ಬೆರಳು ಹಿಂಡಿ, ಮೇಲೆ ಸ್ಪಿರಿಟ್ ಸುರಿದರು. ಪಾಪ, ಒಳ್ಳೆ ಮನಸ್ಸಿನಿಂದಲೇ. ಆದರೆ ಎರಡೂ ಮಾಡಬಾರದಂತೆ. ಹಿಂಡಬಾರದು, ಬಾಯಲ್ಲಿಟ್ಟು ಚೀಪಬಾರದು. ಹರಿಯುವ ನೀರಲ್ಲಿ ಸೋಪು ಹಚ್ಚಿ ತೊಳೆಯಬೇಕು, ಅಷ್ಟೇ.

ಡಾಕ್ಟರ್ ತಲೆ ಎತ್ತದೆ ಹೇಳಿದರು: "ಏನೂ ಆಗಲ್ಲಮ್ಮ, ಒಂದು ಟಿಟಿ ಹಾಕಿಸ್ಕೋ. ಸುಮ್ನೆ ಹೊರಗೆಲ್ಲ ಹೇಳ್ಕೊಂಡು ತಿರುಗ್ಬೇಡ." ಟಿಟಿ ಇರುವುದು ಧನುರ್ವಾಯುವಿಗೆ. ರಕ್ತದಿಂದ ಅಂಟುವ ಎಚ್‌ಐವಿಗೂ, ಲಿವರ್ ಕೆಡಿಸುವ ಹೆಪಟೈಟಿಸ್‌ಗೂ ಅದು ಏನು ಮಾಡುತ್ತೆ ಹೇಳಿ?

ಸಂಜೆ ಪರಿಚಯದ ಲ್ಯಾಬ್ ಟೆಕ್ನಿಷಿಯನ್ ಅಣ್ಣ ಕೇಳಿದವನೇ ಬೈದು ಜಿಲ್ಲಾಸ್ಪತ್ರೆಗೆ ಕಳಿಸಿದ. ಎಚ್‌ಐವಿ ತಡೆಯುವ ಮಾತ್ರೆ ಅಲ್ಲಿ ಪುಕ್ಕಟೆ ಕೊಡುತ್ತಾರೆ. 2 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. 28 ದಿನ ಬಿಡದೆ ನುಂಗಬೇಕು. ನನಗೆ ಹೊಟ್ಟೆ ತೊಳೆಸಿ ಸಾಕಾಯಿತು, ಆದರೂ ಬಿಡಲಿಲ್ಲ.

ಅಲ್ಲಿನ ಸಿಸ್ಟರ್ ಮೊದಲು ಕೇಳಿದ್ದೇ "ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ?" ಅಂತ. ಆಗಿರಲಿಲ್ಲ. ನಾವೆಲ್ಲ ಎಚ್‌ಐವಿಗೆ ಹೆದರುತ್ತೇವೆ, ಅಲ್ವಾ? ಆದರೆ ಎಚ್‌ಐವಿ ಇರುವವರ ಸೂಜಿ ಚುಚ್ಚಿದರೆ ಅಂಟುವುದು ಸಾವಿರಕ್ಕೆ ಸುಮಾರು 3 ಸಲ. ಲಸಿಕೆ ಆಗದವರಿಗೆ ಹೆಪಟೈಟಿಸ್ ಬಿ ನೂರಕ್ಕೆ 30ರವರೆಗೂ ಅಂಟಬಹುದು. ಅದಕ್ಕೆ ಲಸಿಕೆ ಇದೆ, ಮೂರು ಡೋಸ್. ಸಿಬ್ಬಂದಿಗೆ ಅದನ್ನು ಮಾಲೀಕರೇ ಹಾಕಿಸಬೇಕು ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲೇ ಇದೆ. ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಇದಕ್ಕೇ. ಮೇಲಿಂದ ಆಸ್ಪತ್ರೆಗೆ ಓಡಾಡಿದ ದಿನಗಳ ಸಂಬಳವನ್ನೂ ಹಿಡಿದರು!

ಇದುವರೆಗಿನ ರಿಪೋರ್ಟ್‌ಗಳೆಲ್ಲ ನೆಗೆಟಿವ್. ಕೆಲಸ ಬಿಟ್ಟಾಯಿತು.

ಸೇರುವ ಮೊದಲೇ ಲಸಿಕೆ ಹಾಕಿಸುತ್ತೀರಾ ಅಂತ ಕೇಳಿ. ಡ್ರೆಸಿಂಗ್ ರೂಮಿಗೆ ಇಣುಕಿ ಬಿಳಿ ಡಬ್ಬಿ ಇದೆಯಾ ನೋಡಿ. ಸೂಜಿ ಚುಚ್ಚಿದರೆ ಯಾರ ಅಪ್ಪಣೆಗೂ ಕಾಯಬೇಡಿ, ಸರ್ಕಾರಿ ಆಸ್ಪತ್ರೆಗೆ ನಡೆಯಿರಿ. ರಾತ್ರಿಯಾಗಿ ಎಆರ್‌ಟಿ ಸೆಂಟರ್ (ಎಚ್‌ಐವಿ ಮಾತ್ರೆ ಕೊಡುವ ವಿಭಾಗ) ಮುಚ್ಚಿದ್ದರೆ ಕ್ಯಾಶುವಾಲ್ಟಿಯಲ್ಲೇ ಮೊದಲ ಡೋಸ್ ಕೇಳಿ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ.