ಗದಗ ರಸ್ತೆಯಲ್ಲಿ ಎಂಪಿ3 ಸಿಡಿ: ಹತ್ತು ವರ್ಷ ಕಾರಿನಲ್ಲಿ ಬಳಸಿದ ಮೇಲೆ

ನನ್ನ ಕಾರಿನ ಸ್ಟೀರಿಯೊ ಕಾರಿನಷ್ಟೇ ಹಳೆಯದು. ಯುಎಸ್‌ಬಿ ಇಲ್ಲ, ಬ್ಲೂಟೂತ್ ಇಲ್ಲ. ತಂತಿಯಿಂದ ಮೊಬೈಲ್ ಜೋಡಿಸುವ ಆಕ್ಸ್ ಕಿಂಡಿಯೊಂದಿತ್ತು, ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಎಡಗಿವಿ ಹೋಯಿತು. ಉಳಿದದ್ದು ಸಿಡಿ ನುಂಗುವ ಬಾಯಿ ಮತ್ತು ಅದರ ಪಕ್ಕದಲ್ಲಿ ಚಿಕ್ಕದಾಗಿ ಅಚ್ಚಾದ ‘ಎಂಪಿ3’ ಎಂಬ ಗುರುತು. ಅಂದರೆ ಹಾಡುಗಳನ್ನು ಕುಗ್ಗಿಸಿ ಎಂಪಿ3 ಫೈಲುಗಳಾಗಿ ಬರೆದ ಸಿಡಿಯನ್ನೂ ಅದು ಹಾಡುತ್ತದೆ. ಆ ಗುರುತನ್ನು ನಂಬಿ ಹತ್ತು ವರ್ಷ ಕಳೆದಿದ್ದೇನೆ. ಹುಬ್ಬಳ್ಳಿಯ ವಿದ್ಯಾನಗರದಿಂದ ಗದಗಕ್ಕೆ ವಾರಕ್ಕೆ ಮೂರು ಸಲ ಹೋಗಿ ಬರುವ ಕೆಲಸ ನನ್ನದು. ಹೋಗಲು ಒಂದೂಕಾಲು ತಾಸು, ಬರಲು ಅಷ್ಟೇ. ಹಿಂದಿನ ಸೀಟಿನಲ್ಲಿ ಬಹಳ ಸಲ ಅಪ್ಪ ಇರುತ್ತಾರೆ. ಗದಗದಲ್ಲಿ ಅವರ ತಂಗಿಯ ಮನೆಯಿದೆ. ಆದ್ದರಿಂದ ಈ ವಿಮರ್ಶೆಯಲ್ಲಿ ಅವರ ಅಭಿಪ್ರಾಯವೂ ಅಲ್ಲಲ್ಲಿ ನುಸುಳುತ್ತದೆ.

ಮೊದಲ ಸಿಡಿಯನ್ನು ಕಾರು ಎರಡು ಸಲ ನುಂಗಿ ಎರಡು ಸಲವೂ ಉಗುಳಿತು. ಸಿಡಿ ಸರಿಯಿತ್ತು, ಸ್ಟೀರಿಯೊ ಸರಿಯಿತ್ತು, ತಪ್ಪು ನನ್ನದು. ಖಾಲಿ ಸಿಡಿ ಹಾಕಿದ ಕೂಡಲೇ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತದೆ: ಇದನ್ನು ಪೆನ್‌ಡ್ರೈವ್‌ನಂತೆ ಬಳಸುತ್ತೀರೋ, ಸಿಡಿ ಪ್ಲೇಯರ್‌ನಲ್ಲಿ ಬಳಸುತ್ತೀರೋ? ಪೆನ್‌ಡ್ರೈವ್ ಎಂದರೆ ಸುಲಭವೆನಿಸಿ ಅದನ್ನೇ ಒತ್ತಿದ್ದೆ. ಹಾಗೆ ಒತ್ತಿದರೆ ಸಿಡಿ ಫೈಲುಗಳನ್ನು ಜೋಡಿಸುವ ಯುಡಿಎಫ್ ಎಂಬ ಪದ್ಧತಿಯಲ್ಲಿ ಸಿದ್ಧವಾಗುತ್ತದೆ. ಕಂಪ್ಯೂಟರಿಗೆ ಅದು ಓದಲು ಬರುತ್ತದೆ, ನನ್ನದರಂಥ ಹಳೆಯ ಕಾರ್ ಸೆಟ್ಟಿಗೆ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಐಎಸ್‌ಒ 9660 ಎಂಬ ಹಳೆಯ ಪದ್ಧತಿ, ಅದರ ಮೇಲೆ ಉದ್ದ ಹೆಸರುಗಳಿಗಾಗಿ ಜೋಲಿಯೆಟ್ ಎಂಬ ಸೇರ್ಪಡೆ. ಈಗ ನಾನು ಇಮ್‌ಗ್‌ಬರ್ನ್ ಎಂಬ ಉಚಿತ ತಂತ್ರಾಂಶ ಬಳಸುತ್ತೇನೆ. ಅದು ಇವೆರಡನ್ನೂ ಬಿಡಿಸಿ ಕೇಳುತ್ತದೆ.

ಎರಡನೆಯದನ್ನು ಪೇಟೆಯ ಅಂಗಡಿಯೊಂದರಲ್ಲಿ ರೈಟ್ ಮಾಡಿಸಿದೆ. ಅಂಗಡಿಯವನು ನಲವತ್ತು ಹಾಡು ತುಂಬಿಸಿ, ‘ಜಾಗ ಉಳಿದಿದೆ ಸರ್, ಮುಂದಿನ ವಾರ ಬನ್ನಿ, ಇನ್ನಷ್ಟು ಸೇರಿಸಿ ಕೊಡುತ್ತೇನೆ’ ಎಂದ. ಮುಂದಿನ ವಾರ ಸೇರಿಸಿಯೂ ಕೊಟ್ಟ. ಕಾರಿನಲ್ಲಿ ಮೊದಲಿನ ನಲವತ್ತೇ ಕೇಳಿದವು. ಎರಡನೇ ಕಂತಿನಲ್ಲಿ ಬರೆದದ್ದು ನನ್ನ ಸೆಟ್ಟಿನ ಕಣ್ಣಿಗೆ ಬೀಳುವುದೇ ಇಲ್ಲ. ಬರೆಯುವುದನ್ನೆಲ್ಲ ಒಂದೇ ಸಲ ಬರೆದು ಫೈನಲೈಸ್ ಮಾಡಿ, ಎಂದರೆ ಇನ್ನೇನೂ ಸೇರದಂತೆ ಮುಚ್ಚಿ, ಮುಗಿಸಬೇಕು. ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯೂ ತಂದರೆ ಖರ್ಚು ಉಳಿಯುತ್ತದೆ ಎಂಬ ಆಸೆಯೂ ಫಲಿಸಲಿಲ್ಲ. ಅದರ ಮೈ ಬೆಳಕನ್ನು ಸಾಮಾನ್ಯ ಸಿಡಿಗಿಂತ ಬಹಳ ಕಡಿಮೆ ಹಿಂದಿರುಗಿಸುತ್ತದೆ. ನನ್ನ ಸೆಟ್ಟು ಅದನ್ನು ಹಾಕಿದರೂ ‘ಡಿಸ್ಕ್ ಇಲ್ಲ’ ಎಂದೇ ತೋರಿಸುತ್ತದೆ.

ಇಷ್ಟು ದಾಟಿದ ಮೇಲೆ ನಿಜವಾದ ಕೆಲಸ ಶುರು. ಅದು ಹೆಸರು ಮತ್ತು ಸರದಿಯ ಕೆಲಸ.

ಫೈಲಿಗೆ ಕನ್ನಡದಲ್ಲಿ ಹೆಸರು ಕೊಟ್ಟರೆ ಪರದೆಯ ಮೇಲೆ ಬರುವುದು ಸಾಲು ಪ್ರಶ್ನಾರ್ಥಕ ಚಿಹ್ನೆ. ಸೆಟ್ಟಿನೊಳಗೆ ಕನ್ನಡದ ಅಕ್ಷರಗಳೇ ಇಲ್ಲ, ಅದು ತೋರಿಸುವುದಾದರೂ ಏನನ್ನು? ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯದೆ ಬೇರೆ ದಾರಿಯಿಲ್ಲ. ಫೈಲಿನ ಹೆಸರು ಬದಲಿಸಿದರೆ ಸಾಲದು. ಹಾಡಿನೊಳಗೆ ಅಡಗಿರುವ ಐಡಿ3 ಟ್ಯಾಗ್ ಎಂಬ ಚೀಟಿಯನ್ನೂ ತಿದ್ದಬೇಕು. ನನ್ನ ಸೆಟ್ಟು ಮೊದಲು ಓದುವುದು ಅದನ್ನೇ. ಎಂಪಿ3ಟ್ಯಾಗ್ ಎಂಬ ತಂತ್ರಾಂಶದಲ್ಲಿ ನೂರು ಹಾಡುಗಳ ಚೀಟಿಯನ್ನು ಒಂದೇ ಏಟಿಗೆ ತಿದ್ದಬಹುದು. ತಿದ್ದಿ ಉಳಿಸುವಾಗ ಟ್ಯಾಗಿನ ಆವೃತ್ತಿ 2.4 ಬೇಡ, ಹಳೆಯದಾದ 2.3 ಇರಲಿ. ಹಾಡಿಗೆ ಅಂಟಿಸಿರುವ ದೊಡ್ಡ ಮುಖಪುಟ ಚಿತ್ರವನ್ನೂ ಅಲ್ಲಿಯೇ ಕಿತ್ತು ಹಾಕುತ್ತೇನೆ; ಅದಿದ್ದರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಸೆಟ್ಟು ಉಸಿರು ಕಟ್ಟಿದಂತೆ ಸುಮ್ಮನಾಗುತ್ತದೆ.

ಸರದಿಯ ವಿಷಯದಲ್ಲಿ ಯಂತ್ರ ಹಟಮಾರಿ. 1, 2, 3 ಎಂದು ಅಂಕಿ ಕೊಟ್ಟರೆ ಅದು ಹಾಡುವುದು 1, 10, 11, 2 ಎಂಬ ಕ್ರಮದಲ್ಲಿ. ಅಕ್ಷರ ನೋಡಿ ಜೋಡಿಸುತ್ತದೆಯೇ ಹೊರತು ಲೆಕ್ಕ ಅದಕ್ಕೆ ತಿಳಿಯದು. 01, 02 ಎಂದು ಸೊನ್ನೆ ಹಾಕಿದ ದಿನದಿಂದ ಈ ತಕರಾರು ನಿಂತಿತು. ಫೋಲ್ಡರ್‌ಗಳಿಗೂ ಅದೇ ನಿಯಮ. ಫೋಲ್ಡರ್ ಒಳಗೆ ಫೋಲ್ಡರ್ ಇಡುವುದಿಲ್ಲ. ರಸ್ತೆಯ ಮೇಲೆ ಕಣ್ಣಿಟ್ಟು ಹೆಬ್ಬೆರಳಿನಿಂದ ಹುಡುಕುವವನಿಗೆ ಒಂದು ಮಹಡಿ ಸಾಕು.

ಗುಣಮಟ್ಟ ಎಷ್ಟಿರಬೇಕು ಎಂಬುದು ನೀವು ಕೇಳುವುದರ ಮೇಲೆ ನಿಂತಿದೆ. 700 ಎಂಬಿ ಸಿಡಿಯಲ್ಲಿ 128 ಕೆಬಿಪಿಎಸ್ (ಒಂದು ಸೆಕೆಂಡಿನ ಸಂಗೀತಕ್ಕೆ ಕೊಡುವ ಕಿಲೋಬಿಟ್; ಹೆಚ್ಚಿದಷ್ಟೂ ಗುಣ ಹೆಚ್ಚು) ಆದರೆ ಹನ್ನೆರಡು ತಾಸಿಗೂ ಹೆಚ್ಚು ಸಂಗೀತ ಹಿಡಿಯುತ್ತದೆ, 192 ಆದರೆ ಎಂಟೂವರೆ ತಾಸು, 320 ಆದರೆ ಐದು ತಾಸು. ಸಾಮಾನ್ಯ ಆಡಿಯೊ ಸಿಡಿಯಲ್ಲಿ ಹಿಡಿಯುವುದು 80 ನಿಮಿಷ ಮಾತ್ರ. ಸಿನಿಮಾ ಹಾಡಿಗೆ 128 ಸಾಕೆಂದು ನನ್ನ ಮಗಳು ಹೇಳುತ್ತಾಳೆ, ಕಿಟಕಿ ಇಳಿಸಿದ ಕಾರಿನಲ್ಲಿ ಅದು ನಿಜವೂ ಹೌದು. ಆದರೆ ಹಿಂದೂಸ್ತಾನಿ ಸಂಗೀತ 128ರಲ್ಲಿ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳುವುದು ಗಾಯಕರ ಕಂಠವಲ್ಲ, ಹಿಂದಿನ ತಂಬೂರಿ. ಒಂದೇ ಸಮನೆ ತುಂಬಿ ನಿಲ್ಲಬೇಕಾದ ಆ ಝೇಂಕಾರ ನೀರಿನೊಳಗಿನಿಂದ ಬಂದಂತೆ ಅಲುಗುತ್ತದೆ. ‘ತಂಬೂರಿಗೆ ನೆಗಡಿಯಾಗಿದೆ’ ಎಂದು ಮೊದಲು ಪತ್ತೆಹಚ್ಚಿದವರು ಅಪ್ಪ, ಅದೂ ಅಣ್ಣಿಗೇರಿ ದಾಟುವ ಮೊದಲೇ. ಆ ಸಿಡಿಯನ್ನು ಎಸೆದು ಎಲ್ಲವನ್ನೂ 192ರಲ್ಲಿ ಮತ್ತೆ ಮಾಡಿದೆ. ಮಾಡುವಾಗ ಮೂಲ ಸಿಡಿಯಿಂದಲೇ ಮಾಡಬೇಕು. 128ರ ಫೈಲನ್ನೇ 192ಕ್ಕೆ ಏರಿಸಿದರೆ ಕಳೆದದ್ದು ಮರಳುವುದಿಲ್ಲ, ಫೈಲು ದಪ್ಪವಾಗುತ್ತದೆ ಅಷ್ಟೇ.

ಹಳೆಯ ಧ್ವನಿಮುದ್ರಣಗಳಿಗೆ ಬೇರೆ ಲೆಕ್ಕ. ಗಂಗೂಬಾಯಿ ಹಾನಗಲ್ಲರ, ಮಲ್ಲಿಕಾರ್ಜುನ ಮನ್ಸೂರರ ಮೊದಮೊದಲ ಗ್ರಾಮಫೋನ್ ತಟ್ಟೆಗಳೆಲ್ಲ ಮೋನೊ, ಅಂದರೆ ಎಡ ಬಲ ಎಂಬ ಭೇದವಿಲ್ಲದ ಒಂದೇ ಧ್ವನಿ. ಒಂದೇ ಧ್ವನಿಯನ್ನು ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಸಲ ಬರೆಯುವುದು ಏಕೆ? ಮೋನೊ ಎಂದೇ ಗುರುತಿಸಿ 96 ಕೊಟ್ಟರೆ, ಸ್ಟೀರಿಯೊ ಹಾಡಿನ ಒಂದೊಂದು ಬದಿಗೆ 192ರಲ್ಲಿ ಸಿಗುವಷ್ಟೇ ಪಾಲು ಇದಕ್ಕೂ ಸಿಗುತ್ತದೆ. ಒಂದು ಸಿಡಿಯಲ್ಲಿ ಹದಿನೇಳು ತಾಸಿನ ಹಳೆಯ ಸಂಗೀತ! ಹೀಗೆ ಮಾಡಿದ ಒಂದು ಸಿಡಿ ನನ್ನ ಸಂಗ್ರಹದಲ್ಲೇ ಹೆಚ್ಚು ತಿರುಗಿದ್ದು.

ಹಿಂದೂಸ್ತಾನಿ ಗಾಯನದ ಖಯಾಲ್ ಉದ್ದವಾಗಿರುವುದೇ ಒಂದು ತಾಪತ್ರಯ. ಕೀಲಿ ತಿರುಗಿಸಿ ಕಾರು ನಿಲ್ಲಿಸಿದರೆ ಮತ್ತೆ ಶುರು ಮಾಡಿದಾಗ ಬಿಟ್ಟಲ್ಲಿಂದಲೇ ಹಾಡುತ್ತದೆ, ಸಂತೋಷ. ಆದರೆ ಸಿಡಿ ಹೊರತೆಗೆದರೆ ನೆನಪು ಅಳಿಯುತ್ತದೆ. ನಲವತ್ತು ನಿಮಿಷದ ಫೈಲಿನಲ್ಲಿ ಮೂವತ್ತನೇ ನಿಮಿಷಕ್ಕೆ ಹೋಗಲು ಬಟನ್ ಒತ್ತಿಕೊಂಡೇ ಕೂರಬೇಕು. ಹಾಗಾದರೆ ನಿಧಾನದ ವಿಲಂಬಿತ, ವೇಗದ ದ್ರುತ್ ಎಂದು ಎರಡು ತುಂಡು ಮಾಡಬಹುದಲ್ಲ ಎಂದರೆ, ಎಂಪಿ3 ಮಾಡುವಾಗ ಪ್ರತಿ ಫೈಲಿನ ಹಿಂದೆ ಮುಂದೆ ಒಂದು ಚಿಟಿಕೆ ಮೌನ ಸೇರಿಕೊಳ್ಳುತ್ತದೆ, ಅದರ ಮೇಲೆ ಸೆಟ್ಟು ಮುಂದಿನ ಫೈಲನ್ನು ಹುಡುಕುವ ಹೊತ್ತು ಬೇರೆ. ತಬಲಾ ಲಯ ಹಿಡಿದ ಕ್ಷಣಕ್ಕೆ ಸರಿಯಾಗಿ ಆ ಬಿರುಕು ಬೀಳುತ್ತದೆ. ತುಂಡು ಮಾಡುವುದನ್ನು ಬಿಟ್ಟೆ. ಉದ್ದದ ರಾಗವನ್ನು ಫೋಲ್ಡರಿನ ಮೊದಲಿಗೆ ಇಡುತ್ತೇನೆ, ಕಾರು ಹೊರಟಾಗ ಅದೇ ಹೊರಡುತ್ತದೆ.

ಅಪ್ಪನ ಕ್ಯಾಸೆಟ್‌ಗಳದ್ದು ಎರಡು ಬೇಸಿಗೆಯ ಕೆಲಸ. ಟೇಪ್ ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ತಂತಿ, ಆಡಾಸಿಟಿ ಎಂಬ ತಂತ್ರಾಂಶದಲ್ಲಿ ರೆಕಾರ್ಡಿಂಗ್, ಒಂದು ಬದಿಗೆ ಒಂದು ಫೈಲು. ಅರ್ಧ ತಾಸಿನ ಬದಿಗೆ ಅರ್ಧ ತಾಸು ಕುಳಿತೇ ಇರಬೇಕು. ಸೊಂಯ್ ಎನ್ನುವ ಸದ್ದನ್ನು ಪೂರ್ತಿ ಒರೆಸಲು ಹೋಗಿ ಒಂದು ವಚನ ಗಾಯನವನ್ನು ಹಾಳು ಮಾಡಿದೆ. ಸದ್ದಿನ ಜೊತೆಗೆ ಹಾರ್ಮೋನಿಯಂನ ಉಸಿರೂ ಹೋಯಿತು. ಈಗ ಸ್ವಲ್ಪವೇ ಒರೆಸಿ ಬಿಡುತ್ತೇನೆ, ಡಾಂಬರಿನ ಸದ್ದಿನಲ್ಲಿ ಅದು ಹೇಗೂ ಮುಳುಗುತ್ತದೆ. ಕ್ಯಾಸೆಟ್ಟಿನದು ಮೆಲು ದನಿ, ಸಿಡಿಯದು ಗಟ್ಟಿ ದನಿ. ಇವನ್ನು ಸರಿತೂಗಿಸಲು ಎಂಪಿ3ಗೇನ್ ಎಂಬ ತಂತ್ರಾಂಶವಿದೆ. ಅದು ಹಾಡನ್ನು ಮತ್ತೆ ಕುಗ್ಗಿಸದೆ ದನಿಯನ್ನಷ್ಟೇ ಒಂದೂವರೆ ಡೆಸಿಬೆಲ್‌ನ ಮೆಟ್ಟಿಲಿನಲ್ಲಿ ಏರಿಸಿ ಇಳಿಸುತ್ತದೆ.

ಎಂಪಿ3 ಸಿಡಿಯ ಒಂದು ಗುಣವನ್ನು ಯಾರೂ ಹೊಗಳುವುದಿಲ್ಲ. ಗದಗ ರಸ್ತೆಯನ್ನು ಅಗೆದು ಅಗಲ ಮಾಡುತ್ತಿದ್ದ ದಿನಗಳಲ್ಲಿ ಅಂಗಡಿಯಿಂದ ತಂದ ಅಸಲಿ ಆಡಿಯೊ ಸಿಡಿ ಪ್ರತಿ ಗುಂಡಿಗೂ ಎಗರುತ್ತಿತ್ತು, ನಾನು ಮಾಡಿದ ಎಂಪಿ3 ಸಿಡಿ ಎಗರುತ್ತಿರಲಿಲ್ಲ. ಆಡಿಯೊ ಸಿಡಿಯಿಂದ ಸೆಕೆಂಡಿಗೆ 1,411 ಕಿಲೋಬಿಟ್ ಓದಬೇಕು. 128ರ ಎಂಪಿ3ಗೆ ಅದರ ಹನ್ನೊಂದರಲ್ಲಿ ಒಂದು ಪಾಲು, 192ಕ್ಕೆ ಏಳರಲ್ಲಿ ಒಂದು ಪಾಲು. ಸೆಟ್ಟು ಮುಂದಿನದನ್ನು ಮೊದಲೇ ಓದಿ ಸ್ಮರಣೆಯಲ್ಲಿ ಇಟ್ಟುಕೊಂಡಿರುತ್ತದೆ. ಅಷ್ಟೇ ಜಾಗದಲ್ಲಿ ಎಂಪಿ3 ಹಲವು ಪಟ್ಟು ಹೆಚ್ಚು ಹೊತ್ತಿಗೆ ಸಾಕಾಗುತ್ತದೆ. ಗುಂಡಿ ದಾಟುವಷ್ಟರಲ್ಲಿ ಮಸೂರ ಮತ್ತೆ ಜಾಡು ಹಿಡಿಯುತ್ತದೆ.

ಶತ್ರು ಗುಂಡಿಯಲ್ಲ, ಬಿಸಿಲು. ಒಂದು ಏಪ್ರಿಲ್‌ನಲ್ಲಿ ಬ್ಯಾಡಗಿಗೆ ಮೆಣಸಿನಕಾಯಿ ತರಲು ಹೋದಾಗ ಎರಡು ಸಿಡಿಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಮರೆತೆ. ಮಾರುಕಟ್ಟೆಯಲ್ಲಿ ಸೀನಿ ಸೀನಿ ಮರಳಿ ಬರುವಷ್ಟರಲ್ಲಿ ಒಂದು ತುಸು ಬಾಗಿತ್ತು, ಇನ್ನೊಂದು ನೋಡಲು ಚೆನ್ನಾಗಿದ್ದರೂ ಮುಂದಿನ ತಿಂಗಳಿನಿಂದ ಕೊನೆಯ ಹಾಡುಗಳಲ್ಲಿ ತೊದಲತೊಡಗಿತು. ನಾವು ಮನೆಯಲ್ಲಿ ಬರೆಯುವ ಸಿಡಿಯಲ್ಲಿ ದತ್ತಾಂಶ ಕೂರುವುದು ಬಣ್ಣದ ಪದರದಲ್ಲಿ. ಬಿಸಿಲಿಗೂ ಶಾಖಕ್ಕೂ ಅದು ಹಾಳಾಗುತ್ತದೆ. ಅಂದಿನಿಂದ ಸಿಡಿಗಳು ಸೀಟಿನ ಕೆಳಗಿನ ಚೀಲದಲ್ಲಿವೆ, ಪ್ರತಿಯೊಂದರ ಮೂಲ ಫೈಲುಗಳು ಮನೆಯ ಹಾರ್ಡ್ ಡಿಸ್ಕಿನಲ್ಲಿವೆ. ಮೇಲೆ ಹೆಸರು ಬರೆಯಲು ಸಿಡಿ ಮಾರ್ಕರ್ ಮಾತ್ರ. ಕಾಗದದ ಲೇಬಲ್ ಅಂಟಿಸಬೇಡಿ, ದಯವಿಟ್ಟು. ನನ್ನದು ಶಾಖಕ್ಕೆ ಅಂಚು ಬಿಟ್ಟು ಸೆಟ್ಟಿನೊಳಗೇ ಸಿಕ್ಕಿಕೊಂಡಿತು, ಬಿಚ್ಚಿಸಿ ತೆಗೆಸಲು ಅರ್ಧ ದಿನ ಹೋಯಿತು.

ಖಾಲಿ ಸಿಡಿ ಸಿಗುವುದೇ ಈಗ ಕಷ್ಟ. ಒಂದು ಕಾಲದಲ್ಲಿ ನೋಯ್ಡಾದ ಮೋಸರ್ ಬೇರ್ ಸಿಡಿ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತಿತ್ತು. 2018ರಲ್ಲಿ ಆ ಕಂಪನಿಯನ್ನೇ ಮುಚ್ಚುವ ಆದೇಶವಾಯಿತು. ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವ್ ಇಲ್ಲದ್ದರಿಂದ ಹೊರಗಿನದೊಂದು ಕೊಂಡೆ. ಅದರಲ್ಲಿ 16 ಎಕ್ಸ್ ವೇಗಕ್ಕೆ ಬರೆಯುತ್ತೇನೆ. ಗರಿಷ್ಠ ವೇಗದಲ್ಲಿ ಬರೆದವುಗಳಲ್ಲೇ ನನಗೆ ಹೆಚ್ಚು ಕೆಟ್ಟವು.

ಇಷ್ಟೆಲ್ಲ ಏಕೆ, ಹೊಸ ಸೆಟ್ಟು ಹಾಕಿಸಿ ಮೊಬೈಲ್ ಜೋಡಿಸಬಾರದೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಒಬ್ಬರು 2017ರಲ್ಲಿ ‘ಎಂಪಿ3 ಸತ್ತಿತು’ ಎಂಬ ಸುದ್ದಿಯನ್ನೇ ತೋರಿಸಿದ್ದರು. ಸತ್ತದ್ದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಪರವಾನಗಿ ವ್ಯವಹಾರ. ಪೇಟೆಂಟುಗಳ ಅವಧಿ ಮುಗಿದು ಎಂಪಿ3 ಎಲ್ಲರ ಸೊತ್ತಾಯಿತು. ಇನ್ನು ಮೊಬೈಲಿನ ಮಾತು. ತಂಗಿಯ ಮಗನ ಹೊಸ ಕಾರಿನಲ್ಲಿ ಒಮ್ಮೆ ಬೆಳಗಿನ ಎಂಟಕ್ಕೆ ಗದಗಕ್ಕೆ ಹೊರಟೆವು. ಅವನ ಮೊಬೈಲ್ ತನಗೆ ತೋಚಿದ ದರಬಾರಿಯನ್ನು, ಅಂದರೆ ರಾತ್ರಿಯ ರಾಗವನ್ನು, ಹಾಡತೊಡಗಿತು. ‘ಬೆಳಿಗ್ಗೆ ಎದ್ದು ದರಬಾರಿ ಹಚ್ಚುತ್ತಾರೇನೋ?’ ಎಂದು ಅಪ್ಪ ಹುಲಕೋಟಿಯವರೆಗೆ ಗೊಣಗಿದರು. ನನ್ನ ಸಿಡಿಯಲ್ಲಿ ಆ ಪ್ರಮಾದ ಆಗುವುದಿಲ್ಲ. ಬೆಸ ಅಂಕಿಯ ಫೋಲ್ಡರ್ ಹೋಗುವಾಗಿನದು, ಬೆಳಗಿನ ರಾಗಗಳಾದ ಭೈರವ, ತೋಡಿ. ಸಮ ಅಂಕಿಯದು ಬರುವಾಗಿನದು, ಸಂಜೆಯ ಮಾರವಾ, ಯಮನ್. ಒಂದೊಂದೂ ಎಪ್ಪತ್ತೈದು ನಿಮಿಷ. ಒಮ್ಮೆ ಬರೆದ ಮೇಲೆ ಯಾರೂ ಬದಲಿಸಲಾರರು, ನಾನೂ ಬದಲಿಸಲಾರೆ. ಈ ಯಂತ್ರದಲ್ಲಿ ನನಗೆ ಹಿಡಿಸಿರುವುದು ಅದೇ.

ಡಬ್ಬಿಯಲ್ಲಿ ಇನ್ನು ಹದಿನಾಲ್ಕು ಖಾಲಿ ಸಿಡಿಗಳಿವೆ. ಹೊಸದೊಂದನ್ನು ಕಳೆದ ವಾರವೇ ಬರೆಯಬೇಕಿತ್ತು. ಐದನೇ ಫೋಲ್ಡರಿನ ಪಟ್ಟಿ ಅಪ್ಪನ ಬಳಿಯಿದೆ. ತೋಡಿ ಮೊದಲೋ ಭೈರವ ಮೊದಲೋ ಎಂದು ಅವರು ಇನ್ನೂ ನಿರ್ಧರಿಸಿಲ್ಲ.