ಫ್ಲೆಕ್ಸಿ, ವೀಕ್ಲಿ, ಫುಲ್: ಮೂರೂ ಬೋರ್ಡಿಂಗ್ ನೋಡಿದ ಮೇಲೆ

ನೇರವಾಗಿ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಾದರೆ, ಶಾಲೆ ಕಾರಿನಲ್ಲಿ ಒಂದು ಗಂಟೆಯೊಳಗೆ ಇದ್ದರೆ, ಮಗುವಿಗೆ ವೀಕ್ಲಿ ಬೋರ್ಡಿಂಗೇ (ವಾರದ ದಿನಗಳಲ್ಲಿ ಶಾಲೆಯ ಹಾಸ್ಟೆಲಿನಲ್ಲೇ ಉಳಿದು ವಾರಾಂತ್ಯಕ್ಕೆ ಮನೆಗೆ ಬರುವುದು) ಸರಿ. ಫ್ಲೆಕ್ಸಿ ಅಡಚಣೆಯ ದಿನಕ್ಕೆ ಒದಗುತ್ತದೆ. ಫುಲ್ ಬೋರ್ಡಿಂಗ್, ಅಂದರೆ ವಾರಾಂತ್ಯವೂ ಶಾಲೆಯಲ್ಲೇ ಇರುವುದು, ಬೇರೆಯವರ ಲೆಕ್ಕ, ಅದನ್ನು ಆಮೇಲೆ ಹೇಳುತ್ತೇನೆ.

ನಾವಿರುವುದು ರೆಡಿಂಗ್‌ನಲ್ಲಿ. ನಾನು ಆಸ್ಪತ್ರೆಯಲ್ಲಿ ಡಾಕ್ಟರ್, ಆನ್-ಕಾಲ್ ಬಂದರೆ ರಾತ್ರಿ ಮನೆಯಲ್ಲಿರುವುದಿಲ್ಲ. ನಮ್ಮವರು ದಿನಾ ಲಂಡನ್ನಿಗೆ ರೈಲು. ಮಗಳು ಮೊದಲು ಫ್ಲೆಕ್ಸಿ, ಆಮೇಲೆ ಅದೇ ಶಾಲೆಯಲ್ಲಿ ವೀಕ್ಲಿ. ಧಾರವಾಡದಿಂದ ಬಂದ ನನ್ನ ಅಣ್ಣನ ಮಗ ಇನ್ನೊಂದು ಶಾಲೆಯಲ್ಲಿ ಫುಲ್, ಅವನಿಗೆ ಇಲ್ಲಿ ಗಾರ್ಡಿಯನ್ ನಾವೇ.

ಫ್ಲೆಕ್ಸಿ ಅಂದರೆ ಬೇಕಾದ ರಾತ್ರಿಗೆ ಮಾತ್ರ ಹಾಸಿಗೆ ಬುಕ್ ಮಾಡುವುದು. ನಮ್ಮಲ್ಲಿ ರಾತ್ರಿಗೆ 55 ಪೌಂಡ್ ಆಸುಪಾಸು. ಅದರಲ್ಲಿ ರಾತ್ರಿ ಊಟ, ಪ್ರೆಪ್ (ಅಂದರೆ ಯಾರೋ ಟೀಚರ್ ಎದುರು ಕೂತು ಹೋಮ್‌ವರ್ಕ್ ಮುಗಿಸುವ ಹೊತ್ತು), ಬೆಳಗಿನ ತಿಂಡಿ ಎಲ್ಲ ಬಂತು. ಸಂಜೆ ಚೈಲ್ಡ್‌ಮೈಂಡರ್, ಟ್ಯಾಕ್ಸಿ, ಪಕ್ಕದ ಮನೆಯವರಿಗೆ ಮೆಸೇಜ್ ಅಂತ ಒದ್ದಾಡುವವರಿಗೆ ಇದು ದುಬಾರಿ ಅನ್ನಿಸುವುದಿಲ್ಲ. ನನ್ನ ರೋಟಾ (ಪಾಳಿಯ ಪಟ್ಟಿ) ಬಂದ ದಿನವೇ ಕೂತು ಬುಕ್ ಮಾಡುತ್ತಿದ್ದೆ. ಆದರೆ ನಿಜವಾಗಿ ತುರ್ತು ಬಂದ ದಿನ, ಅಂದರೆ ಸಹೋದ್ಯೋಗಿ ರಜೆ ಹಾಕಿ ನನ್ನನ್ನು ಕರೆದ ದಿನ, ಹಾಸಿಗೆ ಖಾಲಿ ಇರುವುದಿಲ್ಲ! ನಾಟಕದ ರಿಹರ್ಸಲ್ ಇದ್ದ ವಾರವಂತೂ ಕೇಳಲೇಬೇಡಿ. ಹೆಸರು ಫ್ಲೆಕ್ಸಿಬಲ್, ಆದರೆ ಅದು ಶಾಲೆಯ ಅನುಕೂಲ ನೋಡಿಕೊಂಡು ಬಾಗುತ್ತದೆ, ನಮ್ಮದಲ್ಲ.

ಅದಕ್ಕಿಂತ ನನಗೆ ಚುಚ್ಚಿದ್ದು ಬೇರೆ. ಮಗಳು ಇಕಿಯಾದ ನೀಲಿ ಚೀಲದಲ್ಲಿ ಡುವೆ (ದಪ್ಪ ಹೊದಿಕೆ), ದಿಂಬು ತುರುಕಿಕೊಂಡು ಹೋಗಬೇಕಿತ್ತು, ಬೆಳಿಗ್ಗೆ ಎದ್ದು ಮತ್ತೆ ತುರುಕಬೇಕಿತ್ತು. ಈ ಸಲ ಯಾವ ರೂಮು ಅನ್ನುವುದು ಹೋದ ಮೇಲೇ ಗೊತ್ತಾಗುತ್ತಿತ್ತು. ಬಾಗಿಲ ಮೇಲೆ ಉಳಿದ ಹುಡುಗಿಯರ ಹೆಸರು ಬಣ್ಣದ ಕಾಗದದಲ್ಲಿ, ಇವಳ ಹಾಸಿಗೆಗೆ ಲ್ಯಾಮಿನೇಟ್ ಮಾಡಿದ "ಗೆಸ್ಟ್" ಅನ್ನುವ ಚೀಟಿ. ಹನ್ನೊಂದು ವರ್ಷದ ಮಗುವಿಗೆ ಅದು ಗೊತ್ತಾಗದೆ ಇರುತ್ತದಾ? ನಿನ್ನೆ ರಾತ್ರಿ ಶುರುವಾದ ಜೋಕು ಇವಳಿಗೆ ಗೊತ್ತಿಲ್ಲ, ನಾಳೆ ರಾತ್ರಿಯ ಪ್ಲಾನಿನಲ್ಲಿ ಇವಳಿಲ್ಲ. ಹಾಗಂತ ಫ್ಲೆಕ್ಸಿ ದಂಡ ಅನ್ನಲಾರೆ. ಮನೆ ಬಿಟ್ಟು ಮಲಗಿ ಅಭ್ಯಾಸವೇ ಇಲ್ಲದ ಮಗುವಿಗೆ ಅದು ಒಳ್ಳೆ ಮೆಟ್ಟಿಲು. ವರ್ಷಗಟ್ಟಲೆ ಮೆಟ್ಟಿಲ ಮೇಲೇ ನಿಲ್ಲಿಸಬಾರದು, ಅಷ್ಟೇ.

ದುಡ್ಡಿನ ಲೆಕ್ಕವೂ ವೀಕ್ಲಿ ಕಡೆಗೇ ವಾಲುತ್ತದೆ. ಒಂದು ಟರ್ಮ್ ಅಂದರೆ ಸುಮಾರು 12 ವಾರ. ವಾರಕ್ಕೆ ಮೂರು ರಾತ್ರಿ ಫ್ಲೆಕ್ಸಿ ಅಂದರೆ 1,980 ಪೌಂಡ್, ನಾಲ್ಕಾದರೆ 2,640. ನಮ್ಮ ಶಾಲೆಯಲ್ಲಿ ಡೇ ಫೀ (ದಿನಾ ಮನೆಯಿಂದ ಹೋಗಿಬರುವ ಮಕ್ಕಳ ಫೀಸು) ಮೇಲೆ ವೀಕ್ಲಿಗೆ ಕಟ್ಟುವುದು ಟರ್ಮಿಗೆ 2,500ರ ಹತ್ತಿರ. ನಾಲ್ಕನೇ ರಾತ್ರಿ ಬೇಕಾಯಿತು ಅಂದರೆ ವೀಕ್ಲಿಯೇ ಅಗ್ಗ. ಇದರ ಮೇಲೆ 2025ರ ಜನವರಿ 1ರಿಂದ ಖಾಸಗಿ ಶಾಲೆಗಳ ಫೀಸಿಗೂ ಬೋರ್ಡಿಂಗಿಗೂ 20% ವ್ಯಾಟ್ ಬಿದ್ದಿದೆ, ಆದ್ದರಿಂದ ಯಾರಾದರೂ ರೇಟು ಹೇಳಿದರೆ ವ್ಯಾಟ್ ಸೇರಿಸಿಯೋ ಬಿಟ್ಟೋ ಅಂತ ಮೊದಲು ಕೇಳಿ.

ಸರ್ಕಾರಿ ಬೋರ್ಡಿಂಗ್ ಶಾಲೆಗಳೂ ಇವೆ, ನಮ್ಮ ಕಡೆಯ ಜನಕ್ಕೆ ಇದು ಜಾಸ್ತಿ ಗೊತ್ತಿಲ್ಲ. ಅಲ್ಲಿ ಪಾಠ ಉಚಿತ, ಊಟ ವಸತಿಗೆ ಮಾತ್ರ ಫೀಸು. ನಮ್ಮೂರಿನ ರೆಡಿಂಗ್ ಸ್ಕೂಲ್ ಅಂಥದ್ದೇ, ಆದರೆ ಗಂಡು ಮಕ್ಕಳ ಗ್ರಾಮರ್ ಶಾಲೆ, ಅಂದರೆ ಪ್ರವೇಶ ಪರೀಕ್ಷೆ ಪಾಸಾದವರಿಗೆ ಸೀಟು. ಮೇಡನ್‌ಹೆಡ್ ಹತ್ತಿರ 2014ರಲ್ಲಿ ಶುರುವಾದ ಹೋಲಿಪೋರ್ಟ್ ಕಾಲೇಜಿದೆ, ನಾರ್ಫೋಕ್‌ನಲ್ಲಿ ವಿಂಡಮ್ ಕಾಲೇಜಿದೆ. ಸೀಟಿಗೆ ಪೈಪೋಟಿ ಜೋರು. ಆದರೂ ಅರ್ಜಿ ಹಾಕದೆ ಬಿಡಬೇಡಿ.

ಸರಿ, ವೀಕ್ಲಿ. ಸೋಮವಾರ ಬೆಳಿಗ್ಗೆ ಬಿಟ್ಟು ಬರುವುದು, ಶುಕ್ರವಾರ ಸಂಜೆ ಕರೆತರುವುದು. ಮೊದಲ ಟರ್ಮಿನಲ್ಲೇ ಬಾಗಿಲ ಮೇಲೆ ಅವಳ ಹೆಸರು ಬಂತು. ಹೋಮ್‌ವರ್ಕ್ ಜಗಳ ನಮ್ಮ ಮನೆಯಿಂದಲೇ ಹೋಯಿತು, ಯಾಕೆಂದರೆ ಅದು ಪ್ರೆಪ್‌ನಲ್ಲೇ ಮುಗಿದಿರುತ್ತದೆ. ರಾತ್ರಿ ಫೋನನ್ನು ಮೇಟ್ರನ್ (ಹಾಸ್ಟೆಲಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು) ಕೈಗೆ ಕೊಡಬೇಕು, ಮನೆಯಲ್ಲಿ ನಾನು ಎಷ್ಟು ಬಡಿದುಕೊಂಡರೂ ಆಗದ ಕೆಲಸ ಅದು. ಶನಿವಾರ ಭಾನುವಾರ ನಾನೂ ಮನೆಯಲ್ಲಿರುವ ಹಾಗೆ ಆದಷ್ಟು ಪಾಳಿ ಬದಲಿಸಿಕೊಂಡೆ. ದಿನಾ ಸುಸ್ತಾಗಿ ಅರ್ಧ ಗಂಟೆ ಮುಖ ನೋಡುವುದಕ್ಕಿಂತ ಇಡೀ ಎರಡು ದಿನ ಜೊತೆಗಿರುವುದು ಮೇಲು ಅಂತ ನನಗಂತೂ ಅನ್ನಿಸಿದೆ. ಭಾನುವಾರದ ಕನ್ನಡ ತರಗತಿಯೂ ತಪ್ಪಲಿಲ್ಲ. ವಾರವೆಲ್ಲ ಇಂಗ್ಲಿಷಿನಲ್ಲೇ ಇದ್ದು ಬಂದು ಶುಕ್ರವಾರ ಕಾರಿನಲ್ಲಿ ಏನು ಕೇಳಿದರೂ "ಫೈನ್" ಅನ್ನುತ್ತಾಳೆ, ಶನಿವಾರ ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ಜೊತೆ ಫೋನಿನಲ್ಲಿ ಕನ್ನಡದಲ್ಲೇ ಹರಟೆ.

ಊಟದ ಮಾತು. ಸಸ್ಯಾಹಾರ ಸಿಗುತ್ತದೆ, ಆದರೆ ಪಾಸ್ತಾ, ಬೇಯಿಸಿದ ಆಲೂಗಡ್ಡೆ ಮೇಲೆ ಬೀನ್ಸ್, ಮತ್ತೆ ಪಾಸ್ತಾ. ನಾನು ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟೆ. ಶೇಂಗಾ ಅಲರ್ಜಿ ಇರುವ ಮಕ್ಕಳಿದ್ದಾರೆ ಅಂತ ಡಬ್ಬಿ ಹಾಗೇ ವಾಪಸ್ ಬಂತು, ನ್ಯಾಯವೇ. ಎಳ್ಳೂ ಬೇಡ ಅಂದರು. ಈಗ ಅಗಸೆ ಚಟ್ನಿಪುಡಿ ಹೋಗುತ್ತದೆ, ಡಬ್ಬಿಯ ಮೇಲೆ ಏನೇನು ಹಾಕಿದ್ದೇನೆ ಅನ್ನುವ ಪಟ್ಟಿ ಅಂಟಿಸಿ. ಅವಳ ರೂಮಿನ ಹುಡುಗಿಯೊಬ್ಬಳು ಅದನ್ನು ಟೋಸ್ಟ್ ಮೇಲೆ ಉದುರಿಸಿಕೊಳ್ಳುತ್ತಾಳಂತೆ.

ಇನ್ನು ಅಣ್ಣನ ಮಗ. ಅವನದು ಚೈಲ್ಡ್ ಸ್ಟೂಡೆಂಟ್ ವೀಸಾ, ಖಾಸಗಿ ಶಾಲೆಗೆ ಮಾತ್ರ ಸಿಗುತ್ತದೆ. ವೀಕ್ಲಿ ಅವನಿಗೆ ಆಗದು, ವಾರವಾರ ಧಾರವಾಡಕ್ಕೆ ಹೋಗಲಾಗುತ್ತದಾ! ಅವನ ಶಾಲೆಯಲ್ಲಿ ಶನಿವಾರವೂ ಕ್ಲಾಸು, ಮಧ್ಯಾಹ್ನ ಮ್ಯಾಚು, ಭಾನುವಾರ ಎಲ್ಲರನ್ನೂ ಎಲ್ಲಾದರೂ ಕರೆದುಕೊಂಡು ಹೋಗುತ್ತಾರೆ. ಎಕ್ಸಿಯಟ್ ಅಂತ ಶಾಲೆಯೇ ಖಾಲಿಯಾಗುವ ವಾರಾಂತ್ಯ, ಹಾಫ್-ಟರ್ಮ್ ಅಂತ ಟರ್ಮಿನ ನಡುವಿನ ರಜೆ, ಆವಾಗೆಲ್ಲ ನಮ್ಮ ಮನೆ. ಬಂದವನೇ "ಅತ್ತೆ, ರೊಟ್ಟಿ ಐತೇನು" ಅಂತ ಅಡುಗೆಮನೆಗೆ ನುಗ್ಗುತ್ತಾನೆ. ಸ್ನೇಹ ಗಟ್ಟಿಯಾಗಿದೆ, ಬಟ್ಟೆ ಮಡಚಲು ಕಲಿತಿದ್ದಾನೆ. ಹದಿನಾರು ವರ್ಷದವನಿಗೆ ಸರಿ. ಹನ್ನೊಂದರ ಮಗುವನ್ನು, ಮನೆ ಹತ್ತಿರವೇ ಇರುವಾಗ, ನಾನು ಹೀಗೆ ಬಿಡಲಾರೆ. ವಿಚಿತ್ರ ಅಂದರೆ ಅವನ ಶಾಲೆಯಲ್ಲಿ ವೀಕ್ಲಿಗೂ ಫುಲ್ಲಿಗೂ ಫೀಸಿನ ವ್ಯತ್ಯಾಸ ಹತ್ತರಲ್ಲಿ ಒಂದು ಪಾಲೂ ಇಲ್ಲ.

ಶಾಲೆ ನೋಡಲು ಹೋದಾಗ ಎರಡು ಪ್ರಶ್ನೆ ಕೇಳಿ. ಒಂದು, ವೀಕ್ಲಿಯವರು ಮನೆಗೆ ಹೋಗುವುದು ಶುಕ್ರವಾರವಾ, ಶನಿವಾರ ಕ್ಲಾಸು ಮುಗಿದ ಮೇಲಾ? ಎರಡನೆಯದಾದರೆ ಮನೆಯಲ್ಲಿ ಉಳಿಯುವುದು ಒಂದೂವರೆ ದಿನ. ಇನ್ನೊಂದು, ಇವತ್ತು ರಾತ್ರಿ ಬೋರ್ಡಿಂಗ್ ಹೌಸಿನಲ್ಲಿ ಎಷ್ಟು ಮಕ್ಕಳು ಮಲಗುತ್ತಾರೆ? ಬ್ರೋಷರಿನ ಸಂಖ್ಯೆ ಬೇಡ, ಇವತ್ತಿನದು. ಟೇಸ್ಟರ್ ನೈಟ್ (ಸೇರುವ ಮೊದಲು ಮಗು ಒಂದು ರಾತ್ರಿ ಉಳಿದು ನೋಡುವುದು) ಕೊಟ್ಟರೆ ಫೆಬ್ರವರಿಯಲ್ಲೇ ಕೇಳಿ ತೆಗೆದುಕೊಳ್ಳಿ, ಜೂನಿನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಆಗ ಎಲ್ಲ ಶಾಲೆಯೂ ಚೆನ್ನಾಗೇ ಕಾಣುತ್ತದೆ.